ಗೇಮ್ ನಡುವೆ ಬಂದ್ ಬೀಳುವ ಕಂಪ್ಯೂಟರ್: ಕಲಬುರಗಿಯ ಒಂದು ಮೇ ತಿಂಗಳ ರಿಪೇರಿ ದಾಖಲೆ

ಮೇ 5ರ ರಾತ್ರಿ ಒಂಬತ್ತರ ಸುಮಾರಿಗೆ ಸೋದರಳಿಯ ಮಹಡಿಯಿಂದ ಇಳಿದು ಬಂದು ನನ್ನ ಮುಂದೆ ನಿಂತ. "ಮಾಮಾ, ಮತ್ತ ಬಂದ್ ಬಿತ್ತು. ಈ ಕಾರ್ಡ್ ಮಾರೇ ಬಿಡ್ತೀನಿ ನಾ."

ಆ ಗ್ರಾಫಿಕ್ಸ್ ಕಾರ್ಡ್‌ಗೆ ಹೋದ ವರ್ಷ ಭಾವನವರು ಹತ್ತಿ ಮಾರಿದ ದುಡ್ಡಿನಲ್ಲಿ ಒಂದು ಪಾಲು ಕೊಟ್ಟಿದ್ದರು. ಉಳಿದದ್ದನ್ನು ಹುಡುಗ ಟ್ಯೂಷನ್ ಹೇಳಿ ಕೂಡಿಸಿದ್ದ. ಶಹಾಪುರ ಕಡೆಯ ಹಳ್ಳಿಯಿಂದ ಇಂಜಿನಿಯರಿಂಗ್ ಓದಲು ಬಂದವನು, ಹುಮನಾಬಾದ್ ರಸ್ತೆ ಕಡೆಯ ನಮ್ಮ ಮನೆಯಲ್ಲೇ ಇರುತ್ತಾನೆ. ಮಾರುವ ಮಾತು ಕೇಳಿ ನನಗೆ ಸಂಕಟವಾಯಿತು. ತಪ್ಪು ಕಾರ್ಡಿನದೇ ಎಂದು ಯಾರೂ ಪರೀಕ್ಷೆ ಮಾಡಿ ನೋಡಿರಲಿಲ್ಲ. ಗೆಳೆಯರು ಹೇಳಿದರು, ಇವನು ನಂಬಿದ, ಅಷ್ಟೇ. ನಾನು ಕಾಲೇಜೊಂದರ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಕೆಲಸ ಮಾಡುವವನು. ಅಳೆಯದೆ ಬಿಡಿಭಾಗ ಬದಲಿಸುವುದನ್ನು ಕಂಡರೆ ನನಗೆ ಮನಸ್ಸು ತಡೆಯುವುದಿಲ್ಲ. "ಎರಡು ವಾರ ತಡಿ. ಆಮ್ಯಾಲ ಮಾರು," ಅಂದೆ.

ಯಂತ್ರ ಇದು: ರೈಜನ್ 5 5600ಎಕ್ಸ್ ಪ್ರೊಸೆಸರ್, ಬಿ550 ಮದರ್‌ಬೋರ್ಡ್, 3600ರ ವೇಗದ 16 ಜಿಬಿ ಡಿಡಿಆರ್4 ರ‍್ಯಾಮ್, ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3070, 650 ವ್ಯಾಟ್‌ನ ಎಸ್‌ಎಂಪಿಎಸ್. ಎಸ್‌ಎಂಪಿಎಸ್ ಎಂದರೆ ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ಬೇಕಾದಂತೆ ಇಳಿಸಿಕೊಡುವ ಪವರ್ ಸಪ್ಲೈ. ಅದು ಮಾತ್ರ ಹಳೆಯ ಯಂತ್ರದಿಂದ ಕಿತ್ತು ಹಾಕಿದ್ದು, ಆರು ವರ್ಷದ್ದು. ದೊಡ್ಡ ಗೇಮ್ ಹಚ್ಚಿದರೆ ಒಮ್ಮೆ ಹತ್ತು ನಿಮಿಷಕ್ಕೆ, ಒಮ್ಮೆ ಒಂದೂವರೆ ತಾಸಿಗೆ ಬೀಳುತ್ತದೆ. ಯೂಟ್ಯೂಬ್, ಕೋಡಿಂಗ್, ಆನ್‌ಲೈನ್ ಕ್ಲಾಸ್ ಇವುಗಳಲ್ಲಿ ಇಡೀ ದಿನ ಕೂತರೂ ಏನೂ ಆಗುವುದಿಲ್ಲ.

ಅದಾಗಲೇ ಅವನು ಎರಡು ಸಲ ವಿಂಡೋಸ್ ಫಾರ್ಮ್ಯಾಟ್ ಹೊಡೆದಿದ್ದ. ಇದು ನನಗೆ ಬಹಳ ಬೇಸರ ತಂದ ಸಂಗತಿ. ಯಂತ್ರ ಯಾವಾಗ, ಹೇಗೆ ಬಿತ್ತು ಎಂಬ ಲಾಗ್ ಎಲ್ಲ ವಿಂಡೋಸ್‌ನ ಒಳಗೇ ಇರುತ್ತದೆ. ಫಾರ್ಮ್ಯಾಟ್ ಮಾಡಿದರೆ ಆ ಸಾಕ್ಷಿಯೇ ಹೋಗುತ್ತದೆ. ಮೂರು ತಿಂಗಳ ಸಾಕ್ಷಿ ಹಾಗೇ ಹೋಗಿತ್ತು. ಆದ್ದರಿಂದ ಮೊದಲ ಕೆಲಸವೆಂದು ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಟ್ಟೆ. ಬಿದ್ದ ಗಳಿಗೆ, ಪರದೆ ಏನಾಯಿತು, ಫ್ಯಾನ್ ಏನಾಯಿತು, ಸದ್ದು ನಿಂತಿತೋ ಗಿರ್ರ್ ಅಂತೋ, ಮನೆಯಲ್ಲಿ ಆಗ ಏನೇನು ಚಾಲೂ ಇತ್ತು, ಇಷ್ಟನ್ನು ಕೈಯಿಂದ ಬರೆಯಬೇಕು. ಅಲ್ಲಿಯವರೆಗೆ ಯಾವುದನ್ನೂ ಬಿಚ್ಚುವಂತಿಲ್ಲ, ಬದಲಿಸುವಂತಿಲ್ಲ.

ಇನ್ನೊಂದು ಸಣ್ಣ ಕೆಲಸ ಮಾಡಿದೆ. ವಿಂಡೋಸ್‌ನಲ್ಲಿ ದೊಡ್ಡ ತಪ್ಪಾದಾಗ ಬರುವ ನೀಲಿ ಪರದೆ ಕಂಡ ಕೂಡಲೇ ತಾನಾಗಿಯೇ ರೀಸ್ಟಾರ್ಟ್ ಆಗುವ ವ್ಯವಸ್ಥೆ ಇರುತ್ತದೆ. ಸಿಸ್ಟಂ ಪ್ರಾಪರ್ಟೀಸ್‌ನ 'ಸ್ಟಾರ್ಟ್‌ಅಪ್ ಆ್ಯಂಡ್ ರಿಕವರಿ'ಯಲ್ಲಿ ಆ ಗುರುತನ್ನು ತೆಗೆದೆ. ಈಗ ನೀಲಿ ಪರದೆ ಬಂದರೆ ನಿಂತೇ ಇರುತ್ತದೆ, ಕಣ್ಣಿಗೆ ಬೀಳುತ್ತದೆ. ಹಾಗಿದ್ದೂ ಯಂತ್ರ ನೇರ ರೀಸ್ಟಾರ್ಟ್ ಆಯಿತೆಂದರೆ ವಿಂಡೋಸ್‌ಗೆ ತಾನು ಸತ್ತದ್ದು ತಿಳಿಯುವಷ್ಟೂ ವೇಳೆ ಸಿಕ್ಕಿಲ್ಲ ಎಂದರ್ಥ.

ಐದು ದಿನದಲ್ಲಿ ಹದಿಮೂರು ನಮೂದು ಬಂದವು. ಓದುತ್ತ ಹೋದಂತೆ ಇದು ಒಂದು ಕಾಯಿಲೆ ಅಲ್ಲ ಎಂದು ಗೊತ್ತಾಯಿತು. ಒಂಬತ್ತು ಸಲ ಪರದೆ ಫಕ್ಕನೆ ಕಪ್ಪಾಗಿ, ಫ್ಯಾನ್ ಒಂದು ಕ್ಷಣ ನಿಂತು, ಯಂತ್ರ ಮತ್ತೆ ಚಾಲೂ ಆಗಿತ್ತು. ಎರಡು ಸಲ ನೀಲಿ ಪರದೆ, ಎರಡೂ 'ಮೆಮೊರಿ ಮ್ಯಾನೇಜ್‌ಮೆಂಟ್'. ಇನ್ನೆರಡು ಸಲ ಗೇಮ್ ಮಾತ್ರ ಮುಚ್ಚಿ ಡೆಸ್ಕ್‌ಟಾಪ್‌ಗೆ ಬಂದಿತ್ತು. ಇವನ್ನೆಲ್ಲ ಒಟ್ಟಿಗೆ 'ಕ್ರ್ಯಾಶ್' ಎಂದು ಕರೆದದ್ದರಿಂದಲೇ ಮೂರು ತಿಂಗಳು ದಾರಿ ತಪ್ಪಿತ್ತು. ಎರಡು ಬೇರೆ ತಪ್ಪುಗಳು ಒಂದೇ ಮನೆಯಲ್ಲಿದ್ದಾಗ ಒಂದನ್ನು ಸರಿ ಮಾಡಿದರೂ ಇನ್ನೊಂದು ಬೀಳಿಸುತ್ತದೆ. ಆಗ ಸರಿ ಮಾಡಿದ್ದನ್ನೂ ನಂಬದೆ ಹಿಂದಕ್ಕೆ ಹೋಗಿಬಿಡುತ್ತೇವೆ.

ವಿಂಡೋಸ್‌ನ ಲಾಗ್ ತೋರಿಸುವ ಈವೆಂಟ್ ವ್ಯೂವರ್ ತೆಗೆದೆ. ಕಪ್ಪಾದ ಒಂಬತ್ತಕ್ಕೂ 'ಕರ್ನಲ್-ಪವರ್ 41' ಇತ್ತು. ಇದನ್ನು ನೋಡಿದ ಕೂಡಲೇ "ಪವರ್ ಸಪ್ಲೈ ಹೋಗಿದೆ" ಅನ್ನುವವರು ಬಹಳ ಮಂದಿ. 41 ಹೇಳುವುದು ಇಷ್ಟೇ: ಸರಿಯಾಗಿ ಶಟ್‌ಡೌನ್ ಆಗದೆ ಯಂತ್ರ ಮತ್ತೆ ಶುರುವಾಗಿದೆ. ಕಾರಣ ಅದಕ್ಕೂ ಗೊತ್ತಿರುವುದಿಲ್ಲ. ಅದರ 'ಡೀಟೇಲ್ಸ್' ಒಳಗೆ ಬಗ್‌ಚೆಕ್‌ಕೋಡ್ ಎಂಬ ಸಾಲು ನೋಡಬೇಕು. ನೀಲಿ ಪರದೆ ಆಗಿದ್ದರೆ ಸಾಮಾನ್ಯವಾಗಿ ಅಲ್ಲೊಂದು ಅಂಕಿ ಇರುತ್ತದೆ. ನಮ್ಮ ಒಂಬತ್ತರಲ್ಲೂ ಸೊನ್ನೆ. ವಿದ್ಯುತ್ ಕಡಿದುಹೋದಂತೆ ಯಂತ್ರ ನಿಂತಿದೆ ಎಂಬ ಅನುಮಾನ ಅಲ್ಲಿಂದ ಶುರುವಾಯಿತು.

ಆದರೂ ಮೊದಲು ಬಿಸಿಲನ್ನೇ ಹಿಡಿದೆ. ಕಲಬುರಗಿಯ ಮೇ ತಿಂಗಳಲ್ಲಿ ಅದನ್ನು ಬಿಟ್ಟು ಮುಂದೆ ಹೋಗಲಾಗದು. ಹೊರಗೆ 43 ಡಿಗ್ರಿ, ಮಹಡಿ ಕೋಣೆಯ ಛತ್ತು ಹಗಲೆಲ್ಲ ಕಾದು ರಾತ್ರಿ ಹತ್ತರವರೆಗೆ ಒಳಗೆ ಕಾವು ಬಿಡುತ್ತದೆ. ಕಂಪ್ಯೂಟರ್ ಇಟ್ಟ ಮೂಲೆಯಲ್ಲಿ ಥರ್ಮಾಮೀಟರ್ 38 ತೋರಿಸಿತು. ಎಚ್‌ಡಬ್ಲ್ಯುಇನ್ಫೋ ಎಂಬ, ಕಾವು ವೋಲ್ಟೇಜ್ ತೋರಿಸುವ ಸಾಫ್ಟ್‌ವೇರ್ ಹಚ್ಚಿ ಗೇಮ್ ಆಡಿಸಿದಾಗ ಪ್ರೊಸೆಸರ್ 92, ಕಾರ್ಡ್ 83, ಕಾರ್ಡಿನ ಒಳಗೆ ಅತಿ ಹೆಚ್ಚು ಕಾಯುವ ಜಾಗ, ಅಂದರೆ ಹಾಟ್‌ಸ್ಪಾಟ್ 104.

ಬದಿಯ ಬಾಗಿಲು ತೆಗೆದಾಗ ಕಾರಣ ಕೈಗೇ ಸಿಕ್ಕಿತು. ಪ್ರೊಸೆಸರ್ ಮೇಲಿನ ಫ್ಯಾನ್ ಬಿಚ್ಚಿದೆ. ಅದರ ಕೆಳಗೆ ಅಲ್ಯೂಮಿನಿಯಂ ಎಸಳುಗಳು ಕಾಣುವುದೇ ಇಲ್ಲ. ಬೂದಿ ಬಣ್ಣದ, ಅಂಚಿಗೆ ಸ್ವಲ್ಪ ಹಳದಿ ಹಚ್ಚಿದಂತಿದ್ದ ಒಂದು ಪದರ. ಚಿಮಟಿಗೆಯಿಂದ ಒಂದು ಮೂಲೆ ಹಿಡಿದು ಎತ್ತಿದರೆ ಕಂಬಳಿ ತುಂಡಿನಂತೆ ಇಡಿಯಾಗಿ ಎದ್ದು ಬಂತು. ಬೆರಳಲ್ಲಿ ಹಿಸುಕಿದರೆ ಒಣ ಧೂಳಿನಂತೆ ಉದುರಲಿಲ್ಲ, ಅಂಟಿಕೊಂಡಿತು. ನಮ್ಮ ಮನೆಯಿಂದ ಕಪನೂರ ಕೈಗಾರಿಕಾ ಪ್ರದೇಶದ ದಾಲ್ ಮಿಲ್‌ಗಳು ದೂರವಿಲ್ಲ. ತೊಗರಿ ಹೊಟ್ಟಿನ ಹುಡಿ ಗಾಳಿಯಲ್ಲಿ ಬರುತ್ತದೆ. ಸಾಲದ್ದಕ್ಕೆ ಕೂಲರ್ ನೇರ ಕ್ಯಾಬಿನೆಟ್ ಕಡೆ ಮುಖ ಮಾಡಿತ್ತು. ತಂಪಾಗಲಿ ಎಂದು ಅಳಿಯನೇ ಹಾಗೆ ಇಟ್ಟದ್ದು. ಹಸಿ ಗಾಳಿ ಆ ಹುಡಿಯನ್ನು ಕಲಸಿ ಎಸಳಿನ ನಡುವೆ ಮೆತ್ತಿಬಿಟ್ಟಿದೆ. ಬೋರಿನ ಗಡಸು ನೀರಿಗೆ ಕೂಲರ್ ಪ್ಯಾಡಿನ ಮೇಲೆ ಬಿಳಿ ಉಪ್ಪು ಕಟ್ಟುವುದನ್ನು ನಾವೆಲ್ಲ ನೋಡಿದ್ದೇವೆ. ಅದರ ತುಂತುರು ಬೋರ್ಡಿನ ಮೇಲೆ ಬೀಳುವುದು ಒಳ್ಳೆಯದಲ್ಲ. ಕೂಲರ್ ಕೋಣೆಗೆ ಇರಲಿ, ಕಂಪ್ಯೂಟರ್ ಕಡೆಗೆ ಬೇಡ.

ಬ್ಲೋವರ್ ಹೊಡೆಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಬಿಟ್ಟರೆ ಮಿತಿಮೀರಿ ತಿರುಗಿ ಬೇರಿಂಗ್ ಹೋಗುತ್ತದೆ. ಕಾರ್ಡನ್ನು ಬಿಚ್ಚಿ ಚಿಪ್ಪಿನ ಕಾವು ಹೊರಗೆ ದಾಟಿಸುವ ಹಳೆಯ ಪೇಸ್ಟ್ ಒರೆಸಿದೆ, ಅದು ಸೀಮೆಸುಣ್ಣದಂತೆ ಒಣಗಿತ್ತು. ಥರ್ಮಲ್ ಪ್ಯಾಡ್‌ಗಳು ಹರಿಯದಂತೆ ನೋಡಿಕೊಂಡು ಹೊಸ ಪೇಸ್ಟ್ ಹಚ್ಚಿ ಕೂಡಿಸಿದೆ. ಕಾರ್ಡಿಗೆ ಎರಡು ಎಂಟು-ಪಿನ್ ಸಾಕೆಟ್ ಇದ್ದರೂ ಒಂದೇ ಕೇಬಲಿನ ಎರಡು ತಲೆ ಹಾಕಿದ್ದರು. ಬೇರೆ ಬೇರೆ ಎರಡು ಕೇಬಲ್ ಎಳೆದೆ. ಮತ್ತೆ ಅಳೆದಾಗ ಪ್ರೊಸೆಸರ್ 81, ಕಾರ್ಡ್ 73, ಹಾಟ್‌ಸ್ಪಾಟ್ 86.

ಗೇಮ್ ಮುಚ್ಚಿಹೋಗುವುದು ಅಲ್ಲಿಗೆ ನಿಂತಿತು. ಕಪ್ಪಾಗುವುದು ನಿಲ್ಲಲಿಲ್ಲ. ಅದೇ ರಾತ್ರಿ 8:47ಕ್ಕೆ ಒಂದು ಸಲ, 9:20ಕ್ಕೆ ಒಂದು ಸಲ. ನನಗೆ ಇದು ಅಷ್ಟು ಆಶ್ಚರ್ಯವೆನಿಸಲಿಲ್ಲ. ಈ ಕಾಲದ ಪ್ರೊಸೆಸರ್, ಕಾರ್ಡ್‌ಗಳು ಕಾದರೆ ಮೊದಲು ತಮ್ಮ ವೇಗ ಇಳಿಸಿಕೊಳ್ಳುತ್ತವೆ, ಆಟ ಎಳೆದಾಡುತ್ತದೆ. ಈ ಪ್ರೊಸೆಸರ್‌ಗೆ 95 ಡಿಗ್ರಿವರೆಗೆ ತಡೆಯುವ ಮಿತಿ ಇದೆ. ಓಡುತ್ತಿದ್ದ ಯಂತ್ರ ಸುಳಿವು ಕೊಡದೆ ಒಮ್ಮೆಲೇ ಸಾಯುವುದು ಬರೀ ಕಾವಿನ ಲಕ್ಷಣವಲ್ಲ.

ನೀಲಿ ಪರದೆಯದ್ದು ಬೇಗ ಮುಗಿಯಿತು. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಪೆನ್‌ಡ್ರೈವ್‌ಗೆ ಹಾಕಿ ರಾತ್ರಿ ಇಡೀ ಓಡಿಸಿದೆ, ನಾಲ್ಕು ಸುತ್ತು, ಒಂದೂ ತಪ್ಪಿಲ್ಲ. ಅಲ್ಲಿಗೇ ಬಿಟ್ಟಿದ್ದರೆ ಸಿಗುತ್ತಿರಲಿಲ್ಲ. ಎರಡೂ ನೀಲಿ ಪರದೆ ಬಂದದ್ದು ಮಧ್ಯಾಹ್ನ ಎಂದು ನೋಟ್‌ಬುಕ್ಕಿನಲ್ಲಿ ಇತ್ತು. ಅದಕ್ಕೆ ಭಾನುವಾರ ಮಧ್ಯಾಹ್ನ ಎರಡಕ್ಕೆ ಮತ್ತೆ ಹಚ್ಚಿದೆ. ಮೂರನೇ ಸುತ್ತಿನಲ್ಲಿ ಹನ್ನೊಂದು ತಪ್ಪು. ರ‍್ಯಾಮ್ ಪರೀಕ್ಷೆಯಲ್ಲಿ ಒಂದು ತಪ್ಪು ಬಂದರೂ ಬಂದಂತೆಯೇ. ಈ ಪ್ರೊಸೆಸರ್‌ಗೆ ತಯಾರಕರು ಹೇಳುವ ರ‍್ಯಾಮ್ ವೇಗ 3200, ಬಯಾಸ್‌ನಲ್ಲಿ ಎಕ್ಸ್‌ಎಂಪಿ ಎಂಬ ಹೆಚ್ಚು ವೇಗದ ಸೆಟ್ಟಿಂಗ್ ಹಚ್ಚಿ 3600ಕ್ಕೆ ಓಡಿಸುವುದು ಆ ಮಿತಿ ದಾಟಿಸುವುದು, ಅಂದರೆ ಓವರ್‌ಕ್ಲಾಕ್. ಚಳಿಗಾಲದಲ್ಲಿ ಅದು ಓಡಿದೆ, ಮೇ ತಿಂಗಳಲ್ಲಿ ಓಡಲಿಲ್ಲ. 3200ಕ್ಕೆ ಇಳಿಸಿ ಮಧ್ಯಾಹ್ನವೇ ಎರಡು ದಿನ ಓಡಿಸಿದೆ, ತಪ್ಪು ಸೊನ್ನೆ. ಆಟದಲ್ಲಿ ಅಳಿಯನ ಕಣ್ಣಿಗೆ ಏನೂ ವ್ಯತ್ಯಾಸ ಕಾಣಲಿಲ್ಲ.

ಈಗ ಉಳಿದದ್ದು ಕಪ್ಪು ಪರದೆ ಒಂದೇ. ಇಲ್ಲಿ ನಾನು ಆರು ದಿನ ತಿಣುಕಿದೆ.

ಎಚ್‌ಡಬ್ಲ್ಯುಇನ್ಫೋದಲ್ಲಿ 12 ವೋಲ್ಟ್‌ನ ಸಾಲು ನೋಡಿದೆ. ಖಾಲಿ ಇದ್ದಾಗ 12.05, ಆಟದಲ್ಲಿ 11.9. ಕಂಪ್ಯೂಟರ್ ಪವರ್ ಸಪ್ಲೈಗಳಿಗಿರುವ ಎಟಿಎಕ್ಸ್ ನಿಯಮದಂತೆ 11.4ರಿಂದ 12.6ರವರೆಗೆ ಇರಬಹುದು, ಅಂದರೆ ಒಳ್ಳೆಯದೇ. ಮಲ್ಟಿಮೀಟರ್ ಕೂಡ ಅದನ್ನೇ ಹೇಳಿತು. ಆಮೇಲೆ ಹೊಳೆಯಿತು: ಆ ಸಾಫ್ಟ್‌ವೇರ್ ಎರಡು ಸೆಕೆಂಡಿಗೊಮ್ಮೆ ನೋಡುತ್ತದೆ. ಮಿಲಿಸೆಕೆಂಡಿನಲ್ಲಿ ಆಗಿಹೋಗುವ ಸಂಗತಿ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಅದರಲ್ಲಿ ಸರಿ ಕಂಡಿತು ಎಂದು ಎಸ್‌ಎಂಪಿಎಸ್‌ಗೆ ಸರ್ಟಿಫಿಕೇಟ್ ಕೊಡಲಾಗದು.

ಮೇ 13ರ ರಾತ್ರಿ ಅವ್ವ ಕೆಳಗೆ ನಡುಮನೆಯ ಪರ್ಸಿ ಕಲ್ಲಿನ ನೆಲದ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಕರೆಂಟು ಹೋದರೂ ಅಲ್ಲಿ ಫ್ಯಾನ್ ಬೆಳಕು ಇರುತ್ತದೆ ಎಂದು ಇನ್ವರ್ಟರ್ ಪಕ್ಕವೇ ಅವಳ ಜಾಗ. ನಾನು ಮೇಲಿಂದ ಇಳಿದು ಬಂದದ್ದು ನೋಡಿ ಮೊರ ಕೆಳಗಿಟ್ಟು ಹೇಳಿದಳು: "ಈ ಡಬ್ಬಿ ಟಕ್ ಅಂದಾಗೆಲ್ಲಾ ಮ್ಯಾಲ ಆ ಹುಡುಗ ಚೀರ್ತಾನ ನೋಡು. ದಿನಾ ಕೇಳ್ಲತ್ತೀನಿ ನಾ."

"ಪ್ರತಿ ಸಲಾನೂ ಏನವ್ವ?"

"ಟಕ್ ಅಂದಾಗೆಲ್ಲಾ ಚೀರಂಗಿಲ್ಲ. ಆದ್ರ ಚೀರಿದಾಗೆಲ್ಲಾ ಇದು ಟಕ್ ಅಂದಿರ್ತದ."

ಇಷ್ಟು ಸ್ಪಷ್ಟವಾದ ಮಾತನ್ನು ಅಲ್ಲಿಯವರೆಗೆ ಯಾವ ಸಾಫ್ಟ್‌ವೇರ್ ಕೂಡ ಹೇಳಿರಲಿಲ್ಲ. ಮರುದಿನದಿಂದ ಅವ್ವನ ಹತ್ತಿರವೂ ಒಂದು ಹಾಳೆ ಇಟ್ಟೆವು. ಟಕ್ ಅಂದಾಗ ಮೊಮ್ಮಗಳು ಗಡಿಯಾರ ನೋಡಿ ಬರೆಯುವುದು. ಮೂರು ರಾತ್ರಿಯ ಲೆಕ್ಕ ಕೂಡಿಸಿ ನೋಡಿದೆ: ಮೂವತ್ತೊಂದು ಸಲ ಟಕ್, ಐದು ಸಲ ಕಂಪ್ಯೂಟರ್ ಬಂದ್. ಐದಕ್ಕೆ ಐದೂ ಟಕ್ ಅಂದ ನಿಮಿಷದಲ್ಲೇ.

ಇನ್ವರ್ಟರ್ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ, ಯುಪಿಎಸ್ ಮೋಡ್ ಮತ್ತು ನಾರ್ಮಲ್ ಮೋಡ್. ನಮ್ಮದು ಯುಪಿಎಸ್ ಮೋಡ್‌ನಲ್ಲಿತ್ತು. ಆ ಮೋಡ್‌ನಲ್ಲಿ ಲೈನ್ ವೋಲ್ಟೇಜ್ ಸುಮಾರು 180ಕ್ಕಿಂತ ಇಳಿದರೆ ಸಾಕು, ರಿಲೇ ಟಕ್ ಎಂದು ಬ್ಯಾಟರಿಗೆ ದಾಟುತ್ತದೆ. ಏರಿದ ಮೇಲೆ ಮತ್ತೆ ಟಕ್ ಎಂದು ಲೈನಿಗೆ ಮರಳುತ್ತದೆ. ಬೇಸಿಗೆಯ ರಾತ್ರಿ ಎಂಟರಿಂದ ಹತ್ತರವರೆಗೆ ಓಣಿಯ ಎಲ್ಲ ಮನೆಯಲ್ಲೂ ಕೂಲರ್, ಎಸಿ, ನೀರಿನ ಮೋಟರ್. ನಮ್ಮ ಮೇನ್ ಹತ್ತಿರ ಮಲ್ಟಿಮೀಟರ್ ಹಿಡಿದು ಕೂತೆ. 8:30ಕ್ಕೆ 188, 9 ಗಂಟೆಗೆ 183. ಅಡುಗೆಮನೆಯ ಫ್ರಿಜ್ ಕಂಪ್ರೆಸರ್ ಎದ್ದ ಗಳಿಗೆ 174ಕ್ಕೆ ಇಳಿದು ಏರಿತು. ಟಕ್. ನಾಲ್ಕು ಸೆಕೆಂಡ್ ಆದ ಮೇಲೆ ಮತ್ತೊಂದು ಟಕ್. ನಮ್ಮ ಮಹಡಿ ಕೋಣೆಯ ಪ್ಲಗ್ ಪಾಯಿಂಟ್ ಇನ್ವರ್ಟರ್ ಲೈನಿನ ಮೇಲೆಯೇ ಇದೆ.

ಹಾಗಾದರೆ ಟಕ್ ಅಂದಾಗೆಲ್ಲ ಯಾಕೆ ಬೀಳುವುದಿಲ್ಲ? ಡೆಸ್ಕ್‌ಟಾಪ್‌ನಲ್ಲಿ ಯಾಕೆ ಎಂದೂ ಬೀಳುವುದಿಲ್ಲ? ಈ ಒಗಟಿನ ಉತ್ತರ ಎಸ್‌ಎಂಪಿಎಸ್‌ನ ಒಳಗಿನ ಒಂದು ದೊಡ್ಡ ಕೆಪಾಸಿಟರ್‌ನಲ್ಲಿದೆ, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಆ ಕೆಪಾಸಿಟರ್ ಛತ್ತಿನ ಮೇಲಿನ ನೀರಿನ ಟಾಕಿ ಇದ್ದಂತೆ. ಗೋಡೆಯಿಂದ ವಿದ್ಯುತ್ ಒಂದು ಕ್ಷಣ ನಿಂತರೆ ಟಾಕಿಯಲ್ಲಿದ್ದದ್ದು ಕೆಳಗೆ ಹರಿಯುತ್ತದೆ. ಒಂದೇ ನಲ್ಲಿ ತೆರೆದಿದ್ದರೆ ಬಹಳ ಹೊತ್ತು ಬರುತ್ತದೆ, ಎಲ್ಲ ನಲ್ಲಿ ತೆರೆದರೆ ಬೇಗ ಖಾಲಿ. ಅಂಕಿ ಹಾಕಿ ನೋಡೋಣ. 390 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ 380 ವೋಲ್ಟ್‌ಗೆ ತುಂಬಿದೆ, 300 ವೋಲ್ಟ್‌ವರೆಗೆ ಇಳಿದರೂ ಕೆಲಸ ನಡೆಯುತ್ತದೆ ಎಂದುಕೊಂಡರೆ ಬಳಸಲು ಸಿಗುವುದು ಸುಮಾರು ಹತ್ತೂವರೆ ಜೌಲ್. ಡೆಸ್ಕ್‌ಟಾಪ್‌ನಲ್ಲಿ ಯಂತ್ರ 80 ವ್ಯಾಟ್ ಎಳೆಯುತ್ತಿದ್ದರೆ ಅದು 130 ಮಿಲಿಸೆಕೆಂಡ್ ಬರುತ್ತದೆ. 400 ವ್ಯಾಟ್ ಎಳೆಯುವಾಗ 26 ಮಿಲಿಸೆಕೆಂಡ್ ಮಾತ್ರ. ಅದೂ ಕೆಪಾಸಿಟರ್ ಹೊಸದಿದ್ದರೆ. ಆರು ವರ್ಷ ನಮ್ಮ ಬಿಸಿಲಿನಲ್ಲಿ ಬೆಂದು ಅದರ ಹಿಡಿತ ಮೂರರಲ್ಲಿ ಒಂದು ಪಾಲು ಇಳಿದಿದ್ದರೆ 17. ಇಂಥ ಕೆಪಾಸಿಟರ್‌ಗಳ ಆಯುಷ್ಯ ಹತ್ತು ಡಿಗ್ರಿ ಕಾವು ಏರಿದರೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ನಮ್ಮ ಕೆಲಸದಲ್ಲಿ ಎಲ್ಲರೂ ಹಿಡಿಯುವ ಲೆಕ್ಕ. ಮನೆ ಇನ್ವರ್ಟರ್ ಯುಪಿಎಸ್ ಮೋಡ್‌ನಲ್ಲಿ ದಾಟಲು ತೆಗೆದುಕೊಳ್ಳುವುದು ಹತ್ತರಿಂದ ಇಪ್ಪತ್ತು ಮಿಲಿಸೆಕೆಂಡ್. ಅಂಚಿನ ಮೇಲಿನ ಆಟ. ಅದೇ ಗಳಿಗೆಯಲ್ಲಿ ಆಟದ ದೃಶ್ಯ ಹಗುರಿದ್ದರೆ ಉಳಿಯುತ್ತದೆ, ಕಾರ್ಡ್ ಪೂರ್ತಿ ಎಳೆಯುತ್ತಿದ್ದರೆ ಬೀಳುತ್ತದೆ. 3070 ಕಾರ್ಡಿನ ಮೇಲೆ 220 ವ್ಯಾಟ್ ಎಂದು ಬರೆದಿದ್ದರೂ ಮಿಲಿಸೆಕೆಂಡಿನ ಲೆಕ್ಕದಲ್ಲಿ ಅದು ಅದಕ್ಕಿಂತ ಮೇಲೆ ಹಾರುತ್ತದೆ.

ಲೆಕ್ಕ ಚೆಂದ ಕೂಡಿತು ಎಂದು ನಂಬಿ ದುಡ್ಡು ಖರ್ಚು ಮಾಡುವಂತಿಲ್ಲ. ಪರೀಕ್ಷೆ ಮಾಡಿದೆವು. ಅಳಿಯನ ಪ್ರಾಜೆಕ್ಟ್ ಫೈಲು, ಫೋಟೋ ಎಲ್ಲ ಮೊದಲು ಬೇರೆ ಡ್ರೈವ್‌ಗೆ ಬ್ಯಾಕಪ್. ಓಡುವ ಯಂತ್ರದ ಕರೆಂಟು ಕಡಿಯುವುದು ಡಿಸ್ಕಿಗೆ ಒಳ್ಳೆಯದಲ್ಲ, ಬ್ಯಾಕಪ್ ಇಲ್ಲದೆ ಯಾರೂ ಮಾಡಬೇಡಿ. ಗೇಮ್ ಬಿಟ್ಟು, ಪ್ರೊಸೆಸರ್ ಕಾರ್ಡ್ ಎರಡನ್ನೂ ಪೂರ್ತಿ ದುಡಿಸುವ ಓಸಿಸಿಟಿ ಸಾಫ್ಟ್‌ವೇರಿನ ಪವರ್ ಟೆಸ್ಟ್ ಹಚ್ಚಿದೆವು, ಯಾಕೆಂದರೆ ಅದರ ಎಳೆತ ಏರಿಳಿಯದೆ ನಿಲ್ಲುತ್ತದೆ. ಪ್ಲಗ್ಗಿಗೆ ಹಾಕುವ ವ್ಯಾಟ್ ಮೀಟರ್ 395ರ ಆಸುಪಾಸು ತೋರಿಸಿತು. ನಾನು ಕೆಳಗೆ ಮೇನ್ ಎಂಸಿಬಿ ಹತ್ತಿರ, ಅವನು ಮೇಲೆ ಪರದೆ ಮುಂದೆ, ನಡುವೆ ಮೆಟ್ಟಿಲ ಮೇಲೆ ಮಗಳು ಕೂಗಿ ಹೇಳಲು.

ಡೆಸ್ಕ್‌ಟಾಪ್‌ನಲ್ಲಿ ಸುಮ್ಮನಿಟ್ಟು, ಇನ್ವರ್ಟರ್ ಬ್ಯಾಟರಿಗೆ ದಾಟಲೆಂದು ಹತ್ತು ಸಲ ಎಂಸಿಬಿ ಇಳಿಸಿದೆ. ಹತ್ತೂ ಸಲ ಉಳಿಯಿತು. ಪವರ್ ಟೆಸ್ಟ್ ಓಡುವಾಗ ಹತ್ತು ಸಲ ಇಳಿಸಿದೆ, ಏಳು ಸಲ ಬಿತ್ತು. "ಬಿತ್ತು!" ಎಂದು ಮಗಳು ಕೂಗಿದಾಗೆಲ್ಲ ಮೇಲಿನಿಂದ ಅಳಿಯನ ದನಿ ಖುಷಿಯಿಂದ ಬರುತ್ತಿತ್ತು. ಮೂರು ತಿಂಗಳಲ್ಲಿ ಮೊದಲ ಸಲ ಆ ಯಂತ್ರ ನಾವು ಹೇಳಿದ ಗಳಿಗೆಗೆ ಬಿದ್ದಿತ್ತು. ಬೇಕೆಂದಾಗ ಬೀಳಿಸಲು ಬಂತೆಂದರೆ ಅರ್ಧ ರಿಪೇರಿ ಆದಂತೆ. ಮೂರನೆಯದಾಗಿ ಎಂಎಸ್‌ಐ ಆಫ್ಟರ್‌ಬರ್ನರ್‌ನಲ್ಲಿ ಕಾರ್ಡಿನ ಪವರ್ ಲಿಮಿಟ್ ಶೇ 60ಕ್ಕೆ ಇಳಿಸಿ ಅದೇ ಪರೀಕ್ಷೆ. ಮೀಟರ್ 290, ಹತ್ತರಲ್ಲಿ ಎರಡೇ ಸಲ ಬಿತ್ತು. ಎಳೆತ ಇಳಿದಂತೆ ಬೀಳುವುದೂ ಇಳಿಯಿತು.

ಈಗ ಎರಡು ದಾರಿ. ಎಸ್‌ಎಂಪಿಎಸ್ ಬದಲಿಸುವುದು, ಇಲ್ಲವೇ ಕಂಪ್ಯೂಟರಿಗೆಂದೇ ಬೇರೆ ಯುಪಿಎಸ್. ಕೇಳಿದವರೆಲ್ಲ ಯುಪಿಎಸ್ ಅಂದರು. ಊರಿನ ಸೂಪರ್ ಮಾರ್ಕೆಟ್ ಪ್ರದೇಶದ ಒಂದು ಅಂಗಡಿಗೆ ಕ್ಯಾಬಿನೆಟ್ಟನ್ನೇ ಆಟೋದಲ್ಲಿ ಒಯ್ದೆವು. ಅಂಗಡಿಯವರು ಒಳ್ಳೆಯ ಮನುಷ್ಯ, "ನೋಡ್ಕೊಂಡೇ ಒಯ್ರಿ ಸರ್, ನನಗೇನು," ಎಂದು ಟೇಬಲ್ ಖಾಲಿ ಮಾಡಿಕೊಟ್ಟರು. ಸಾಮಾನ್ಯವಾಗಿ ಮಾರುವ 600 ವಿಎ ಯುಪಿಎಸ್ ತಾಳುವುದು 360 ವ್ಯಾಟ್. ಪವರ್ ಟೆಸ್ಟ್ ಹಚ್ಚಿ ಪ್ಲಗ್ ಎಳೆದ ಕೂಡಲೇ ಓವರ್‌ಲೋಡ್ ಎಂದು ಚೀರಿ ಅದೇ ಆರಿತು. ವಿಎ ಅಂಕಿಯನ್ನು ವ್ಯಾಟ್ ಎಂದುಕೊಂಡು ಕೊಳ್ಳುವವರು ಬಹಳ ಮಂದಿ ಇದ್ದಾರೆ, ಪೆಟ್ಟಿಗೆಯ ಮೇಲೆ ವ್ಯಾಟ್ ಎಷ್ಟು ಎಂದು ಓದಿ. 1100 ವಿಎ, ಅಂದರೆ 660 ವ್ಯಾಟಿನದು ಹಚ್ಚಿದಾಗ ಹತ್ತರಲ್ಲಿ ಒಂಬತ್ತು ಸಲ ಉಳಿಯಿತು, ಒಂದು ಸಲ ಬಿತ್ತು. ಇಂಥ ಯುಪಿಎಸ್ ಕೆಲವೇ ಮಿಲಿಸೆಕೆಂಡಿನಲ್ಲಿ ದಾಟುತ್ತದೆ. ಅಷ್ಟನ್ನೂ ಒಂದು ಸಲ ತಡೆಯಲಿಲ್ಲ ಎಂದರೆ ನೋಡಬೇಕಾದದ್ದು ಎಸ್‌ಎಂಪಿಎಸ್ ಕಡೆಗೆ. ಕೊಳ್ಳದೆ ಬಂದೆವು. ಅಂಗಡಿಯವರ ಮುಖದಲ್ಲಿ ಒಂದಿಷ್ಟೂ ಬೇಸರ ಕಾಣಲಿಲ್ಲ.

ಸಹೋದ್ಯೋಗಿಯೊಬ್ಬರ ಮನೆಯಿಂದ ಒಂದು ವರ್ಷ ಹಳೆಯ 750 ವ್ಯಾಟ್ ಎಸ್‌ಎಂಪಿಎಸ್ ಎರಡು ದಿನಕ್ಕೆ ಕೇಳಿ ತಂದೆ. ತಂದಾಗ ಅದರ ಜೊತೆಯ ಕೇಬಲ್‌ಗಳನ್ನೂ ತಂದೆ. ಇದು ಮುಖ್ಯ. ಕಳಚುವ ಕೇಬಲ್‌ಗಳ ಎಸ್‌ಎಂಪಿಎಸ್ ತುದಿಯ ಪಿನ್ ಜೋಡಣೆ ಒಂದೊಂದು ಕಂಪನಿಯದು ಒಂದೊಂದು ಥರ. ಆಕಾರ ಕೂಡಿತೆಂದು ಹಳೆಯ ಕೇಬಲ್ ಹಾಕಿದರೆ ಡಿಸ್ಕ್, ಬೋರ್ಡ್ ಸುಡುತ್ತವೆ. ಅದೇ ಮನೆ, ಅದೇ ಇನ್ವರ್ಟರ್, ಅದೇ ಪವರ್ ಟೆಸ್ಟ್. ಹತ್ತು ಸಲ ಎಂಸಿಬಿ ಇಳಿಸಿದೆ, ಮಗಳು ಒಮ್ಮೆಯೂ ಕೂಗಲಿಲ್ಲ. ಇನ್ನೂ ಹತ್ತು ಸಲ ಇಳಿಸಿದೆ. "ಮಾಮಾ, ಹೋಗ್ಲೇ ಇಲ್ಲ!" ಎಂದು ಅಳಿಯನೇ ಓಡಿ ಬಂದ.

ಹೊಸ 750 ವ್ಯಾಟ್ ಎಸ್‌ಎಂಪಿಎಸ್ ತರಿಸಿದೆವು. ಕೊಳ್ಳುವಾಗ ವ್ಯಾಟ್ ಒಂದನ್ನೇ ನೋಡಲಿಲ್ಲ. ತಯಾರಕರ ಹಾಳೆಯಲ್ಲಿ 'ಹೋಲ್ಡ್-ಅಪ್ ಟೈಂ' ಎಂಬ ಸಾಲು, ಅಂದರೆ ಗೋಡೆಯ ಕರೆಂಟು ನಿಂತ ಮೇಲೂ ತಡೆಯುವ ಹೊತ್ತು, ಹುಡುಕಿದೆ, ಪೂರ್ತಿ ಎಳೆತದಲ್ಲಿ 16 ಮಿಲಿಸೆಕೆಂಡಿಗೆ ಕಡಿಮೆ ಇರಬಾರದು. ನಾವು ಎಳೆಯುವುದು ಅದರ ಅರ್ಧದಷ್ಟೇ, ಆದ್ದರಿಂದ ನಮಗೆ ಅದರ ಎರಡರಷ್ಟು ಹೊತ್ತು ಸಿಗುತ್ತದೆ. ನಮ್ಮ ಭಾಗದಲ್ಲಿ ಮನೆ ಇನ್ವರ್ಟರ್ ಮೇಲೆ ಗೇಮಿಂಗ್ ಯಂತ್ರ ಓಡಿಸುವವರು ಆ ಸಾಲನ್ನು ನೋಡದೆ ಕೊಳ್ಳಬಾರದು. ಹಳೆಯದನ್ನು ಬಿಚ್ಚಿ ಕೆಪಾಸಿಟರ್ ಹಾಕಿಕೊಡುತ್ತೇನೆ ಎಂದು ಒಬ್ಬರು ಬಂದರು, ನಾನು ಒಪ್ಪಲಿಲ್ಲ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಮುನ್ನೂರು ವೋಲ್ಟ್ ದಾಟಿ ಉಳಿದಿರಬಹುದು, ಮನೆಯಲ್ಲಿ ಅದನ್ನು ತೆರೆಯುವ ಕೆಲಸ ಬೇಡ.

ಇನ್ವರ್ಟರನ್ನು ನಾರ್ಮಲ್ ಮೋಡ್‌ಗೆ ಹಾಕಿದರೆ ಆಗುವುದಿಲ್ಲವೇ ಎಂದು ಅಳಿಯ ಕೇಳಿದ. ಹಾಕಿದರೆ ವೋಲ್ಟೇಜ್ ಬಹಳ ಇಳಿದರೂ ಟಕ್ ಅನ್ನುವುದಿಲ್ಲ ಎಂಬುದು ನಿಜ. ಆದರೆ ನಿಜವಾಗಿ ಕರೆಂಟು ಹೋದಾಗ ದಾಟಲು ಇನ್ನೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಆಗ ಹೊಸದೂ ತಡೆಯಲಿಕ್ಕಿಲ್ಲ. ಯುಪಿಎಸ್ ಮೋಡ್‌ನಲ್ಲೇ ಬಿಟ್ಟೆ.

ಈ ಓಡಾಟದ ನಡುವೆ ಇನ್ನೊಂದು ಸಿಕ್ಕಿತು. ಕ್ರ್ಯಾಶ್‌ಗೆ ಅದು ಕಾರಣವಲ್ಲ, ಆದರೂ ಬರೆಯದೆ ಬಿಡಲಾರೆ. ಬರಿಗಾಲಲ್ಲಿ ಪರ್ಸಿ ಮೇಲೆ ನಿಂತು ಕ್ಯಾಬಿನೆಟ್ ಮುಟ್ಟಿದರೆ ಬೆರಳಿಗೆ ಜುಮ್ ಅನ್ನುತ್ತಿತ್ತು. ಕ್ಯಾಬಿನೆಟ್ ಸ್ಕ್ರೂಗೂ ಬಚ್ಚಲ ನಲ್ಲಿಯ ಕಬ್ಬಿಣದ ಪೈಪಿಗೂ ನಡುವೆ ಮೀಟರ್ ಹಿಡಿದರೆ 108 ವೋಲ್ಟ್. ಎಸ್‌ಎಂಪಿಎಸ್ ಬಾಯಲ್ಲಿರುವ ಫಿಲ್ಟರ್‌ನ ಎರಡು ಸಣ್ಣ ಕೆಪಾಸಿಟರ್‌ಗಳು ಫೇಸ್, ನ್ಯೂಟ್ರಲ್ ಎರಡನ್ನೂ ಅರ್ತಿಂಗ್‌ಗೆ ಕೂಡಿಸುತ್ತವೆ. ಅರ್ತಿಂಗ್ ಇಲ್ಲದಿದ್ದರೆ ಲೈನಿನ ಅರ್ಧ ವೋಲ್ಟೇಜ್ ಕ್ಯಾಬಿನೆಟ್ ಮೈಮೇಲೆ ಕೂರುತ್ತದೆ. ಗೋಡೆಯ ಸ್ವಿಚ್ ಬೋರ್ಡ್ ಬಿಚ್ಚಿದಾಗ ಮೂರನೇ ಪಿನ್ನಿಗೆ ವೈರೇ ಹಾಕಿರಲಿಲ್ಲ, ಹಸಿರು ವೈರು ಹಿಂದೆ ಸುತ್ತಿ ಬಿಟ್ಟಿದ್ದರು. ವೈರಿಂಗ್ ಮಾಡುವವರನ್ನು ಕರೆಸಿ ಕೂಡಿಸಿದೆ, 108 ಇದ್ದದ್ದು 9ಕ್ಕೆ ಇಳಿಯಿತು. ಅದೂ ಹೆಚ್ಚೇ. ಹಿತ್ತಲಿನ ಅರ್ತಿಂಗ್ ಗುಂಡಿ ನೋಡಿದರೆ ಎರೆ ಮಣ್ಣು ಒಣಗಿ ಕೈ ತೂರುವಷ್ಟು ಬಿರುಕು ಬಿಟ್ಟಿತ್ತು, ಪೈಪಿಗೆ ಮಣ್ಣೇ ತಾಗುತ್ತಿರಲಿಲ್ಲ. ಇದ್ದಿಲು, ಉಪ್ಪು ತುಂಬಿ ನಾಲ್ಕು ಕೊಡ ನೀರು ಹಾಕಿದ ಮೇಲೆ 2 ವೋಲ್ಟ್‌ಗೆ ಬಂತು. ಎರೆ ನೆಲದ ಮೇಲೆ ಮನೆ ಕಟ್ಟಿದವರು ಬೇಸಿಗೆ ತುಂಬ ಆ ಗುಂಡಿಗೆ ವಾರಕ್ಕೊಂದು ಕೊಡ ನೀರು ಹಾಕಿ. ಮಕ್ಕಳು ಮುಟ್ಟುವ ವಸ್ತು ಈ ಕ್ಯಾಬಿನೆಟ್.

ನೋಟ್‌ಬುಕ್ ಮೇ 21ರ ನಂತರ ಖಾಲಿ ಇದೆ. ಮೂವತ್ತಾರು ಪುಟ ತುಂಬಿದೆ, ಉಳಿದದ್ದರಲ್ಲಿ ಅಳಿಯ ಈಗ ಸೆಮಿಸ್ಟರ್ ಲೆಕ್ಕ ಬಿಡಿಸುತ್ತಾನೆ. ಕಾರ್ಡ್ ಮಾರುವ ಮಾತು ಮತ್ತೆ ಬಂದಿಲ್ಲ.

ಜೂನ್ 8ರ ರಾತ್ರಿ ಮಿರಗದ (ಮೃಗಶಿರಾ) ಮಳೆ, ಗಾಳಿ ಎರಡೂ ಕೂಡಿ ಬಂದವು. ಒಂಬತ್ತರಿಂದ ಹತ್ತರೊಳಗೆ ಕರೆಂಟು ನಾಲ್ಕು ಸಲ ಹೋಗಿ ಬಂತು. ಅವ್ವ ಇನ್ವರ್ಟರ್ ಪಕ್ಕ ಕೂತಿದ್ದಳು. ನಾಲ್ಕನೇ ಟಕ್ ಆದ ಮೇಲೆ ಮೆಟ್ಟಿಲ ಕಡೆ ಕಿವಿ ಕೊಟ್ಟು ಸ್ವಲ್ಪ ಹೊತ್ತು ಕಾದಳು.

"ಮ್ಯಾಲಿಂದ ಸಪ್ಪಳೇ ಇಲ್ಲಲ್ಲೋ. ಹುಡುಗ ಮಲ್ಕೊಂಡಾನೇನು?"

"ಇಲ್ಲವ್ವ," ಅಂದೆ. "ಆಡ್ಲತ್ತಾನ."